ಹಿಂಬದಿ ಇಲ್ಲದ ಕ್ಯಾಸೆಟ್ಟು

ಅಪ್ಪನ ಮದುವೆಯ ಫೋಟೋ ಹತ್ತಿಮತ್ತೂರಿನ ನಮ್ಮ ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿದ್ದರು. ಎತ್ತು ಮಾರಲು ಬಂದವರೂ ಅದರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದಿನ ಸಾಲಿನ ಕೊನೆಗೆ, ಯಾರದೋ ರುಮಾಲಿನ ಮರೆಯಲ್ಲಿ, ಒಂದು ಹಣೆ ಮತ್ತು ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಆ ಹಣೆ ನನ್ನ ಅತ್ತೆಯದು. ಅಪ್ಪನ ಒಡಹುಟ್ಟಿದ ಅಕ್ಕ, ಅಂದರೆ ಕುರ್ಚಿ ಹಾಕಿ ಮುಂದೆ ಕೂಡ್ರಿಸಬೇಕಾದವಳು. ಹಿಂದೆ ನಿಲ್ಲಿಸಿದ್ದಕ್ಕೆ ಕಾರಣ ಒಂದೇ, ಆಕೆ ದಪ್ಪು ಎಂಬ ಚರ್ಮದ ವಾದ್ಯ ಹಿಡಿದು ನಾಲ್ಕು ಜನರೆದುರು ಗೀಗೀ ಪದ ಹಾಡುತ್ತಿದ್ದಳು.

ಗೀಗೀ ಪದವೆಂದರೆ ಎರಡು ಮೇಳಗಳ ವಾದ. ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವರು ನಾಗೇಶಿ. ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಎಸೆಯಬೇಕು, ಇನ್ನೊಂದು ಹಾಡಿನಲ್ಲೇ ಅದನ್ನು ಹಿಡಿದು ತಿರುಗಿ ಎಸೆಯಬೇಕು. ಅತ್ತೆ ನಾಗೇಶಿ. ಮೊದಲು ಹಾಡುತ್ತಿದ್ದವನು ಆಕೆಯ ಗಂಡ. ಅವನ ಗಂಟಲು ಕೆಟ್ಟಾಗ ಒಪ್ಪಿಕೊಂಡ ಕಾರ್ಯಕ್ರಮ ಬಿಡಬಾರದೆಂದು ದಪ್ಪು ಕೈಗೆತ್ತಿಕೊಂಡವಳು ಮತ್ತೆ ಕೆಳಗಿಡಲಿಲ್ಲ. ಅಪ್ಪ ಕೆಟ್ಟವನಲ್ಲ, ಊರ ಬಾಯಿಗೆ ಅಂಜುವವನು. ಆವತ್ತಿನಿಂದ ಅವನ ಬಾಯಲ್ಲಿ ಅತ್ತೆ ಬರೀ 'ಆಕಿ' ಆದಳು. ಆಕಿ ಬಂದಿದ್ಲಾ, ಆಕಿಗೆ ಕಾಳು ಕೊಟ್ಟು ಕಳಿಸು, ಇಷ್ಟೇ. ನಾನು ಹುಟ್ಟಿದಾಗಿನಿಂದ ಅವನ ಬಾಯಲ್ಲಿ 'ಅಕ್ಕ' ಎಂಬ ಮಾತು ಕೇಳಿರಲಿಲ್ಲ. ಆಕೆ ಹಾಡಿದ್ದನ್ನು ಅವನೂ ಕೇಳಿರಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಹುಬ್ಬಳ್ಳಿಯಲ್ಲಿ ಜಾಹೀರಾತು ಚಿತ್ರಕಲೆ ಕಲಿಯುತ್ತಿದ್ದೆ. ಒಕ್ಕಲುತನದ ಮನೆಯ ಹುಡುಗಿಗೆ ಬಣ್ಣ ಬಳಿಯುವ ಕಲಿಕೆ ಯಾಕೆ ಎಂದು ಕೇಳದವರೇ ಇರಲಿಲ್ಲ. ಕೇಳಿದಷ್ಟೂ ನನ್ನ ಹಟ ಹೆಚ್ಚಾಗುತ್ತಿತ್ತು. ನಾನು ಹುಟ್ಟಾ ಮೊಂಡಿ. ಕೊನೆಯ ವರ್ಷದ ದೊಡ್ಡ ಕೆಲಸವಾಗಿ, ಮುಂಬಯಿಯಲ್ಲಿ ಇದ್ದುಬಂದಿದ್ದ ನಮ್ಮ ಮಾಸ್ತರರು ಒಂದು ಹೊಸ ವಿಷಯ ಕೊಟ್ಟರು. ಒಬ್ಬ ಹಾಡುಗಾರರನ್ನು ಆರಿಸಿಕೊಂಡು ಅವರ ಕ್ಯಾಸೆಟ್ಟಿಗೆ ಹೊದಿಕೆ ಮಾಡಬೇಕು. ಅದರಲ್ಲಿನ ಒಂದು ಹಾಡನ್ನು ಟೀವಿಯಲ್ಲಿ ತೋರಿಸುವುದಾದರೆ ಹೇಗೆ ತೋರಿಸಬೇಕೆಂದು ಒಂದೊಂದೇ ಚೌಕದಲ್ಲಿ ಚಿತ್ರ ಬಿಡಿಸಬೇಕು, ಸಾಧ್ಯವಾದರೆ ವಿಡಿಯೋ ಮಾಡಿಯೂ ತೋರಿಸಬಹುದು. ಉಳಿದವರೆಲ್ಲ ಸಿನಿಮಾ ಹಾಡುಗಾರರ ಹಿಂದೆ ಬಿದ್ದರು. ನಾನು ನಮ್ಮ ಅತ್ತೆ ಎಂದೆ. ಹಳ್ಳಿ ಪದಕ್ಕೆ ಇಷ್ಟೆಲ್ಲ ಶೃಂಗಾರ ಯಾಕೆ ಎಂದು ಮಾಸ್ತರರು ನಕ್ಕರು. ಅವರು ನಕ್ಕದ್ದೇ ಒಳ್ಳೆಯದಾಯಿತು. ನಗದಿದ್ದರೆ ನಾನು ಅರ್ಧಕ್ಕೆ ಬಿಟ್ಟುಬಿಡುತ್ತಿದ್ದೆನೇನೋ.

ಅತ್ತೆಯ ಮನೆ ಗೊಟಗೋಡಿಯಲ್ಲಿತ್ತು. ನಾನು ಹೋದಾಗ ಶೇಂಗಾ ಸುಲಿಯುತ್ತ ಕೂತಿದ್ದಳು. ಎಲ್ಲ ಹೇಳಿದೆ. ಕ್ಯಾಸೆಟ್ಟು ಅಂದರೇನು, ವಿಡಿಯೋ ಅಂದರೇನು ಎಂದು ಆಕೆ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಅದರಾಗ ನನ್ನ ಎಲ್ಲಿ ನಿಂದ್ರಸ್ತೀ?"

"ಮುಂದ."

"ಖರೇನ ಮುಂದ?"

"ಖರೇನ, ಅತ್ತಿ."

"ಹಂಗಾದ್ರ ಬರ್ತೇನಿ. ಹಿಂದ ನಿಂತು ಸಾಕಾಗೇತಿ, ನನ್ನವ್ವಾ."

ಆಕೆ ಹೇಳಿದ್ದು ಮದುವೆಯ ಫೋಟೋ ಒಂದನ್ನೇ ಅಲ್ಲ. ಹಾನಗಲ್ಲಿನಲ್ಲಿ, ಸವಣೂರಿನಲ್ಲಿ ಎಲ್ಲಿ ಹಾಡಿಕೆ ಇದ್ದರೂ ಹಂಚುವ ಕರಪತ್ರದಲ್ಲಿ ಎದುರಿನ ಮೇಳದವರ ಹೆಸರು ಮೇಲೆ, ದಪ್ಪಕ್ಷರ, ಅತ್ತೆಯದು ಕೊನೆಗೆ, ಇರುವೆ ಸಾಲಿನಂಥ ಅಕ್ಷರ. ಓದಲು ಬಾರದಿದ್ದರೂ ದೊಡ್ಡದು ಯಾವುದು ಚಿಕ್ಕದು ಯಾವುದು ಎಂಬುದು ಕಣ್ಣಿಗೆ ತಿಳಿಯುತ್ತದೆ. ಶೇಂಗಾ ಬುಟ್ಟಿಯ ಮುಂದೆ ಕೂತು ನಾನು ಮನಸ್ಸಿನಲ್ಲೇ ಆಣೆ ಮಾಡಿದೆ. ನಪಾಸಾದರೂ ಸರಿ, ಇವಳನ್ನು ಹಿಂದೆ ಹಾಕುವುದಿಲ್ಲ.

ಆದರೆ ಎದುರಾಳಿ ಇಲ್ಲದೆ ಗೀಗೀ ಪದ ಇಲ್ಲ. ಅತ್ತೆಯ ಎದುರಾಳಿ ಹಿರೇಕೆರೂರು ಕಡೆಯ ಒಬ್ಬ ಅಜ್ಜ. ಇಪ್ಪತ್ತು ವರ್ಷ ಇಬ್ಬರೂ ಕಟ್ಟೆ ಕಟ್ಟೆಯ ಮೇಲೆ ಜಗಳಾಡಿದವರು. ಕಟ್ಟೆ ಇಳಿದ ಮೇಲೆ ಒಂದೇ ಚಂಚಿಯ ಎಲೆ ಅಡಿಕೆ ಹಾಕಿಕೊಳ್ಳುವವರು. ನಾನು ಬಸ್ಸು ಹಿಡಿದು ಅವರ ಊರಿಗೂ ಹೋದೆ. ಅಜ್ಜ ಎಲ್ಲ ಕೇಳಿ, ಮೀಸೆ ಒರೆಸಿಕೊಂಡು, ಪ್ರಶ್ನೆ ಕೇಳುವವನು ತಾನು, ಉತ್ತರ ಹೇಳುವವಳು ಆಕೆ, ಕೇಳದೆ ಉತ್ತರ ಎಲ್ಲಿಂದ ಬರುತ್ತದೆ, ಆದ್ದರಿಂದ ತನ್ನನ್ನು ಮುಂದೆ ಹಾಕಿದರೆ ಮಾತ್ರ ಬರುತ್ತೇನೆ ಎಂದರು. ಸಂಜೆಯ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ನಾನು ಹೂಂ ಅಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ಒಂದು ಕ್ಯಾಸೆಟ್ಟಿನ ಒಂದೇ ಮುಖವನ್ನು ಇಬ್ಬರಿಗೆ ಕೊಟ್ಟು ಬಂದಿದ್ದೆ.

ಕ್ಯಾಸೆಟ್ಟಿಗೆ ಹಾಡು ತುಂಬಿಕೊಳ್ಳಲು ಶಿಗ್ಗಾಂವದ ಒಬ್ಬ ದಲಾಲಿಯವರು ತಮ್ಮ ಗೋದಾಮು ಕೊಟ್ಟರು. ಸುತ್ತ ಚೀಲ ಒಟ್ಟಿದರೆ ಸದ್ದು ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ ಎಂದು ನಾನೇ ಯೋಚಿಸಿದ್ದೆ, ಅದಕ್ಕೆ ಬಹಳ ಹೆಮ್ಮೆಪಟ್ಟುಕೊಂಡಿದ್ದೆ. ಆ ಚೀಲಗಳಲ್ಲಿ ಏನಿದೆ ಎಂಬುದನ್ನು ಮಾತ್ರ ನೋಡಿರಲಿಲ್ಲ. ಅಜ್ಜ ಬಾಯಿ ತೆರೆದು ಉಸಿರೆಳೆದದ್ದೇ ತಡ, ಎರಡೂ ಮೇಳದವರು ಸೀನತೊಡಗಿದರು. ಒಣಮೆಣಸಿನಕಾಯಿ. ಜೋಳದ ಚೀಲಗಳಿದ್ದ ಪಕ್ಕದ ಕೋಣೆಗೆ ಹೋದೆವು. ಅಲ್ಲಿ ಅತ್ತೆಯ ದನಿ ಬಂದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಬೀಜ ಇಲ್ಲದ ಹೊಲ ಇದ್ದು ಏನು ಫಲ ಎಂದು ಅಜ್ಜ ಕೇಳಿದ್ದರು. ಹೊಲವೇ ಇಲ್ಲದಿದ್ದರೆ ಬೀಜವನ್ನು ನಿನ್ನ ಅಂಗೈ ಮೇಲೆ ಬಿತ್ತುತ್ತೀಯಾ ಎಂದು ಅತ್ತೆ ತಿರುಗಿ ಕೇಳಿದಳು. ಹಮಾಲರು ಚೀಲ ಹೊತ್ತುಕೊಂಡೇ ನಿಂತುಬಿಟ್ಟರು.

ಮಧ್ಯಾಹ್ನ ವಿಡಿಯೋ. ಶಿಗ್ಗಾಂವದಲ್ಲಿ ಮದುವೆಗಳ ವಿಡಿಯೋ ತೆಗೆಯುವವರೊಬ್ಬರಿದ್ದರು. ಅವರ ತಾಯಿ ಅತ್ತೆಯ ಹಾಡಿಕೆ ಎಲ್ಲಿದ್ದರೂ ಬುತ್ತಿ ಕಟ್ಟಿಕೊಂಡು ಹೋಗುವವರು, ಆ ಪ್ರೀತಿಗೆ ಮಗ ಕ್ಯಾಮೆರಾ ತಂದಿದ್ದರು. ನಾನು ಮೂವತ್ತು ಚೌಕ ಬಿಡಿಸಿಕೊಂಡು ಹೋಗಿದ್ದೆ. ಒಂದರಲ್ಲಿ ಬರೀ ಕೈ, ಒಂದರಲ್ಲಿ ಅರ್ಧ ಮುಖ. ಮದುವೆಯಲ್ಲಿ ಅರ್ಧ ಮುಖ ತೆಗೆದರೆ ಬೀಗರು ಬಡಿಯುತ್ತಾರೆ ಎಂದು ಕ್ಯಾಮೆರಾದವರು ಮೊದಲೇ ಹೆದರಿದ್ದರು. ಗೋದಾಮಿನ ಮುಂದಿನ ಕಟ್ಟೆಯ ಮೇಲೆ ಎರಡು ಮೇಳಗಳನ್ನು ಎದುರುಬದುರು ನಿಲ್ಲಿಸಿ, ಕ್ಯಾಮೆರಾ ಹೆಗಲಿಗೇರಿಸಿ, ಹೂಂ ಎಂದರು.

ಯಾರೂ ಅಲುಗಾಡಲಿಲ್ಲ. ಅತ್ತೆ ದಪ್ಪನ್ನು ಎದೆಗಾನಿಸಿ, ಗದ್ದ ಎತ್ತಿ, ಕಣ್ಣು ಪಿಳುಕಿಸದೆ ನಿಂತಳು. ಅಜ್ಜ ದಪ್ಪನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ತೊಡೆಗಂಟಿಸಿಕೊಂಡು ಉಸಿರು ಬಿಗಿಹಿಡಿದರು. ಹಾಡಿರಿ ಎಂದರೆ, ಫೋಟೋ ತೆಗೆದು ಮುಗಿಯಲಿ, ಆಮೇಲೆ ಹಾಡುತ್ತೇವೆ ಎಂದು ತುಟಿ ಅಲುಗದಂತೆ ಹೇಳಿದರು. ಅಲುಗಿದರೆ ಮುಖ ಕೆಡುತ್ತದೆ ಎಂದು ಸ್ಟುಡಿಯೋದವರು ಅವರಿಗೆ ಜೀವಮಾನವಿಡೀ ಕಲಿಸಿದ್ದರು. ಇದು ಅಲುಗುವ ಫೋಟೋ ಎಂದು ನಾನು ಎಷ್ಟು ಹೇಳಿದರೂ ಕೇಳಲೊಲ್ಲರು. ಬಿಸಿಲಿಗೆ ನನ್ನ ತಲೆ ಕಾದುಹೋಯಿತು. ಕೊನೆಗೆ ಸಿಟ್ಟಿಗೆ ಬಂದು ಒಂದು ಸುಳ್ಳು ಹೇಳಿದೆ.

"ಅಜ್ಜಾರ, ನಿಮಗ ವಯಸ್ಸಾತಂತ, ಪದ ಮರ್ತೀರಂತ. ಅತ್ತಿ ಹೇಳಾಕತ್ತಿದ್ಲು."

ಅಜ್ಜನ ಕೈ ತೊಡೆ ಬಿಟ್ಟು ದಪ್ಪಿನ ಮೇಲೆ ಬಿತ್ತು. ಆಮೇಲೆ ಕ್ಯಾಮೆರಾ ಎಂಬುದು ಒಂದು ಇದೆ ಎಂಬುದನ್ನೇ ಇಬ್ಬರೂ ಮರೆತರು. ನನ್ನ ಮೂವತ್ತು ಚೌಕಗಳಲ್ಲಿ ಎರಡು ಮೂರು ಉಳಿದವೇನೋ. ಕ್ಯಾಮೆರಾದವರು ತಾವೇ ಮೈಮರೆತು ಒಮ್ಮೆ ಅತ್ತೆಯ ಕಡೆಗೆ, ಒಮ್ಮೆ ಅಜ್ಜನ ಕಡೆಗೆ ತಿರುಗುತ್ತಿದ್ದರು. ಬಂದದ್ದು ನಾನು ಬಿಡಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಉಳಿದದ್ದು ಹೊದಿಕೆ. ರಬ್ಬರಿನಂಥ ಲಿನೋ ಹಾಳೆಯಲ್ಲಿ ಇಬ್ಬರ ಮುಖ ಕೆತ್ತಿದೆ. ಅತ್ತೆಯದನ್ನು ಕೆಂಪಿನಲ್ಲಿ, ಅಜ್ಜನದನ್ನು ಕಪ್ಪಿನಲ್ಲಿ ಅಚ್ಚೊತ್ತಿದೆ. ಇಬ್ಬರನ್ನೂ ಒಂದೇ ಮುಖದ ಮೇಲೆ ಹಾಕೋಣವೆಂದರೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಎಡಕ್ಕಿದ್ದವರನ್ನೇ ಮೊದಲು ಓದುತ್ತಾರೆ. ಮೇಲೆ ಕೆಳಗೆ ಹಾಕಿದರೆ ಅದೇ ಕರಪತ್ರದ ಕಥೆ. ರಜೆಗೆ ಊರಿಗೆ ಬಂದವಳು ಪಡಸಾಲೆಯ ತುಂಬ ಕಾಗದ ಹರಡಿಕೊಂಡು ಯಾರೊಂದಿಗೂ ಮಾತಿಲ್ಲದೆ ಕೂತಿದ್ದೆ. ಅವ್ವ ಕೌದಿಗಳನ್ನು ಬಿಸಿಲಿಗೆ ಹಾಕಿ ತಂದು ಮಡಿಸುತ್ತಿದ್ದಳು. ಒಂದು ಬದಿಗೆ ಆಕೆಯ ಹಳೆಯ ಇಲಕಲ್ ಸೀರೆ, ಇನ್ನೊಂದು ಬದಿಗೆ ಅಜ್ಜಿಯದು. ಮಡಿಸಲು ಕೈಕೊಟ್ಟ ನಾನು ಯಾವ ಬದಿ ಮೇಲೆ ಬರಬೇಕು ಎಂದು ಕೇಳಿದೆ. ಕೌದಿಗೆ ಉಲ್ಟಾ ಎಲ್ಲಿದೆ, ಯಾವ ಬದಿ ಹೊದ್ದರೂ ಬೆಚ್ಚಗೇ ಎಂದಳು ಅವ್ವ. ನಾನು ಕೌದಿಯನ್ನು ಆಕೆಯ ಕೈಯಲ್ಲೇ ಬಿಟ್ಟು ಕಾಗದದ ಕಡೆಗೆ ಓಡಿದೆ.

ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಜಾರಿಸುವಂಥ ಒಂದು ರಟ್ಟಿನ ಅಂಗಿ ಮಾಡಿದೆ. ಒಂದು ಬದಿಗೆ ಅತ್ತೆಯ ಮುಖ, ಹೆಸರು. ಇನ್ನೊಂದು ಬದಿಗೆ ಅಜ್ಜನ ಮುಖ, ಹೆಸರು. ಅಳತೆ, ಅಂಚು, ಅಕ್ಷರ ಎಲ್ಲ ಕೂದಲೆಳೆಯಷ್ಟೂ ಫರಕಿಲ್ಲದೆ ಒಂದೇ. ಹಾಡುಗಳ ಯಾದಿಯನ್ನು ಒಳಗೆ ಮಡಿಸಿಟ್ಟೆ. ಕ್ಯಾಸೆಟ್ಟಿನ ಮೇಲಿದ್ದ ಎ, ಬಿ ಎಂಬ ಅಕ್ಷರಗಳ ಮೇಲೆ ಚೀಟಿ ಅಂಟಿಸಿ, ಅತ್ತೆಯ ಪದಗಳಿದ್ದ ಬದಿಗೆ ಕೆಂಪು ಚುಕ್ಕೆ, ಅಜ್ಜನ ಪದಗಳಿದ್ದ ಬದಿಗೆ ಕಪ್ಪು ಚುಕ್ಕೆ ಇಟ್ಟೆ.

ಮಾಸ್ತರರು ಅದನ್ನು ನೋಡಿ ತಲೆಯಾಡಿಸಿದರು. ಎಲ್ಲ ಪೊಟ್ಟಣಕ್ಕೂ ಒಂದು ಮುಂಬದಿ, ಒಂದು ಹಿಂಬದಿ ಇರಬೇಕು, ಅಂಗಡಿಯವ ಯಾವುದನ್ನು ಗಿರಾಕಿಗೆ ತೋರಿಸಿ ಇಡಬೇಕು, ಇದು ಮೊದಲ ಪಾಠದಲ್ಲೇ ತಪ್ಪು ಎಂದರು. ತಿದ್ದಲು ಎರಡು ದಿನ ಕೊಟ್ಟರು. ನಪಾಸಾದರೆ ಅಪ್ಪ ಮತ್ತೊಂದು ವರ್ಷ ಓದಿಸುವುದಿಲ್ಲ, ಅದು ಗೊತ್ತಿತ್ತು. ಅಜ್ಜನ ಬದಿಯನ್ನು ಹಿಂಬದಿ ಮಾಡಿದರೆ ಅತ್ತೆಗೆ ಕೊಟ್ಟ ಮಾತು ಉಳಿಯುತ್ತಿತ್ತು, ಅದೂ ಹೊಳೆದಿತ್ತು. ಆದರೆ ಒಬ್ಬರನ್ನು ಹಿಂದೆ ತಳ್ಳಿ ಮುಂದೆ ಬಂದರೆ ಅತ್ತೆ ಅದನ್ನು ಗೆಲುವು ಎಂದುಕೊಳ್ಳುವವಳಲ್ಲ. ನಾನು ಒಂದು ಗೆರೆಯನ್ನೂ ಬದಲಿಸಲಿಲ್ಲ.

ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯರು ಬಂದಿದ್ದರು. ನನ್ನ ಮೇಜಿನ ಹತ್ತಿರ ಬಂದು ಡಬ್ಬಿ ಎತ್ತಿಕೊಂಡರು. ಅತ್ತೆಯನ್ನು ನೋಡಿದರು, ತಿರುವಿದರು. ಅಜ್ಜನನ್ನು ನೋಡಿದರು, ಮತ್ತೆ ತಿರುವಿದರು.

"ಇದರ ಹಿಂಬದಿ ಯಾವುದಮ್ಮ?"

ನನ್ನ ಮಾಸ್ತರರು ನೆಲ ನೋಡುತ್ತಿದ್ದರು. ಪಟ್ಟಣದ ಮಾತು ಕಲಿತಿದ್ದೆನಾದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು ಊರ ಮಾತೇ.

"ಹಿಂದಿಲ್ರೀ ಸರ್. ಎರಡೂ ಮುಂದ. ಇವರಿಬ್ಬರಾಗ ಯಾರೂ ಹಿಂದ ನಿಲ್ಲೂದಿಲ್ರೀ."

ಅವರು ಹಾಡು ಹಾಕಿಸಿದರು. ವಿಡಿಯೋ ಹಾಕಿಸಿದರು. ಅತ್ತೆ ಟೀವಿಯ ತುಂಬ ನಿಂತು ಅಂಗೈ ಮೇಲೆ ಬಿತ್ತುತ್ತೀಯಾ ಎಂದು ಕೇಳಿದಾಗ, ತಮ್ಮ ತಮ್ಮ ಮೇಜು ಬಿಟ್ಟು ಬಂದು ಮುತ್ತಿಕೊಂಡಿದ್ದ ಹುಡುಗರೆಲ್ಲ ಹೋ ಎಂದರು. ಅಷ್ಟು ಹೆಮ್ಮೆ ನನಗೆ ಮುಂದೆ ನನ್ನ ಯಾವ ಕೆಲಸದಲ್ಲೂ ಆಗಿಲ್ಲ, ಸುಳ್ಳೇಕೆ ಹೇಳಲಿ. ಆ ಹಿರಿಯರು ಹೆಚ್ಚು ಮಾತಾಡಲಿಲ್ಲ. ಇದನ್ನು ಶಾಲೆಯಲ್ಲೇ ಇಟ್ಟುಕೊಳ್ಳಿ, ಮುಂದಿನವರು ನೋಡಲಿ ಎಂದಷ್ಟೇ ಮಾಸ್ತರರಿಗೆ ಹೇಳಿದರು. ವರ್ಗಕ್ಕೆ ನಾನೇ ಮೊದಲು ಬಂದೆ. ಮಾಸ್ತರರು ತಾವಾಗಿ ಬಂದು, ತಪ್ಪು ತಮ್ಮದೆಂದು ಹೇಳಿದರು. ಅವರೂ ದೊಡ್ಡವರೇ.

ಮೊದಲನೆಯದು ಶಾಲೆಯಲ್ಲಿ ಉಳಿದದ್ದರಿಂದ ಮತ್ತೆ ಮೂರು ಮಾಡಿದೆ. ಒಂದನ್ನು ಹಿರೇಕೆರೂರಿಗೆ ಒಯ್ದುಕೊಟ್ಟೆ. ಅಜ್ಜ ತಮ್ಮ ಮುಖ ನೋಡಿ, ಮೀಸೆ ಸರಿಯಾಗಿ ಬಂದಿದೆ ಎಂದರು. ಇನ್ನೊಂದನ್ನು ಗೊಟಗೋಡಿಗೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಳು, ತಿರುವಿ ಅಜ್ಜನನ್ನು ನೋಡಿ ನಕ್ಕಳು, ತನ್ನ ಮುಖ ಹೊರಗೆ ಮಾಡಿ ಗೋಡೆಯ ಮಾಡದಲ್ಲಿ ದೀಪದ ಪಕ್ಕ ಇಟ್ಟಳು.

ಮೂರನೆಯದು ಮನೆಗೆ. ಸವಣೂರಿನ ಗೆಳತಿಯೊಬ್ಬಳಿಂದ ಟೇಪ್ ರೆಕಾರ್ಡರ್ ತಂದಿದ್ದೆ. ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವನಿಗೇನೂ ಹೇಳದೆ, ಕೈಗೆ ಸಿಕ್ಕ ಬದಿಯನ್ನು ಹಾಕಿದೆ. ಅದು ಅಜ್ಜನ ಬದಿ. ಅಪ್ಪ ಹಗ್ಗ ಹೊಸೆಯುತ್ತಲೇ ಕೇಳಿದ. ಹೊಸೆಯುವ ಕೈ ಬರಬರುತ್ತ ನಿಧಾನವಾಯಿತು. ಪದ ಮುಗಿದ ಮೇಲೆ ರಟ್ಟಿನ ಅಂಗಿಯನ್ನು ಎತ್ತಿಕೊಂಡು, ಎರಡೂ ಬದಿ ತಿರುವಿ ನೋಡಿದ. ಅವನ ತಲೆಯ ಮೇಲೆ ಗೋಡೆಯಲ್ಲಿ ಆ ಮದುವೆಯ ಫೋಟೋ ಇತ್ತು.

"ಇದು ಹಿಂದಿಂದು ಇರಬೇಕು. ಮುಂದಿಂದು ಹಾಕು," ಎಂದ.

ಪರೀಕ್ಷೆಯಲ್ಲಿ ಗೆದ್ದ ಸೊಕ್ಕು ಇನ್ನೂ ಇಳಿದಿರಲಿಲ್ಲ. "ಇದಕ್ಕ ಹಿಂದ ಮುಂದ ಇಲ್ಲಪ್ಪ. ಎರಡೂ ಮುಂದನ," ಎಂದೆ.

ಅಪ್ಪ ಹಗ್ಗವನ್ನು ಪಕ್ಕಕ್ಕಿಟ್ಟ.

"ಹಂಗಾದ್ರ ನಮ್ಮಕ್ಕಂದು ಹಾಕವಾ," ಎಂದ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಕ್ಯಾಸೆಟ್ಟು ತಿರುವಿ ಹಾಕಿದೆ.