ಕುಟ್ಟಿಯ ತಲೆಗೆ ಕಟ್ಟಿದ ತಪ್ಪು

ಮೊದಲು ಚಪ್ಪಲಿ ಬಿಗಿಯಾಯಿತು. ಸಂಜೆ ಶಾಲೆಯಿಂದ ಬಂದು ಕಳಚಿದರೆ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿಯುತ್ತಿತ್ತು. ದಿನವಿಡೀ ನಿಂತು ಪಾಠ ಮಾಡುವವಳ ಕಾಲು ಊದದೆ ಇನ್ನೇನು ಎಂದುಕೊಂಡೆ. ಮುಖವೂ ಊದಿದ ಮೇಲೆ ನನ್ನವರು ಹಟ ಹಿಡಿದು ಮಂಗಳೂರಿಗೆ ಕರೆದೊಯ್ದರು. ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್. ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು.

ಎರಡೂ ಕಿಡ್ನಿ ಹೋಗಿದ್ದವು.

ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಹೀಮೋಡಯಾಲಿಸಿಸ್, ಇಲ್ಲವೇ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್. ನಮ್ಮೂರು ಶಿರಿಯದಿಂದ ಮಂಗಳೂರಿಗೆ ವಾರಕ್ಕೆ ಮೂರು ಸಲ ಓಡಾಡಿದರೆ ನನ್ನ ನಾಲ್ಕನೇ ಕ್ಲಾಸಿನ ಮಕ್ಕಳ ಗತಿ? ಎರಡನೆಯದನ್ನೇ ಆರಿಸಿದೆ. ಹೊಟ್ಟೆಗೆ ಒಂದು ಟ್ಯೂಬ್ ಇಟ್ಟರು. ದಿನಕ್ಕೆ ನಾಲ್ಕು ಸಲ ಅದಕ್ಕೆ ಬ್ಯಾಗ್ ಜೋಡಿಸಿ, ಒಳಗಿನ ನೀರನ್ನು ಹೊರಗೆ ಬಿಟ್ಟು ಹೊಸತನ್ನು ತುಂಬಬೇಕು. ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮಾಸ್ಕ್ ಕಟ್ಟಿ, ಕೈ ತೊಳೆದು. ಟ್ಯೂಬಿನ ತುದಿಗೆ ಏನೂ ತಾಗಬಾರದು. ತಾಗಿದರೆ ಕ್ಲ್ಯಾಂಪ್ ಹಾಕಿ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಬೇಕು.

ಇದನ್ನೆಲ್ಲ ಕಲಿಸಿದ ಸಿಸ್ಟರ್ ಕೊನೆಗೆ ಕೇಳಿದರು, "ಮನೆಯಲ್ಲಿ ನಾಯಿ, ಬೆಕ್ಕು ಎಂತಾದ್ರೂ ಉಂಟಾ ಟೀಚರ್?"

"ಬೆಕ್ಕು ಉಂಟು."

"ಕೋಣೆಯೊಳಗೆ ಬಿಡ್ಬೇಡಿ. ನೇತಾಡುವ ಟ್ಯೂಬ್ ಕಂಡ್ರೆ ಅವಕ್ಕೆ ಆಟ."

ನಲವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂರಿಸುವವಳು ನಾನು. ನಮ್ಮ ಬೆಕ್ಕು ಕುಟ್ಟಿ ಮಾತ್ರ ಆರು ವರ್ಷಗಳಲ್ಲಿ ಒಂದು ದಿನವೂ ನನ್ನ ಮಾತು ಕೇಳಿದವಳಲ್ಲ. ನಮಗೆ ಮಕ್ಕಳಿಲ್ಲ, ಅವಳ ಕೊಬ್ಬಿಗೆ ನಾವಿಬ್ಬರೇ ಕಾರಣ. ಹೊರಗೆ ಹಾಕಿದರೆ ಬಾಗಿಲು ಕೆರೆದು, ಅಕ್ಕಪಕ್ಕದವರು ಇಣುಕುವಷ್ಟು ಅರಚುತ್ತಿದ್ದಳು. ಕಲಿಸುವ ತಾಪತ್ರಯವೇ ಬೇಡವೆಂದು ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಏಳಕ್ಕೆ ಮೀನಿನ ಮೊಯ್ದಿಚ್ಚ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬರುತ್ತಾರೆ. ಹಾರ್ನ್ ಕೇಳಿದರೆ ಸಾಕು, ಕುಟ್ಟಿ ಗೇಟಿನ ಬಳಿ. ಅವರು ಕೊಟ್ಟ ಬೂತಾಯಿ ಮೀನು ತಿಂದು ಮೈ ನೆಕ್ಕಿಕೊಂಡು ಬರುವಷ್ಟರಲ್ಲಿ ನಾನು ನೀರು ಬದಲಿಸುವುದು ಮುಗಿದಿರುತ್ತಿತ್ತು. ಉಳಿದ ಮೂರು ಹೊತ್ತು ನನ್ನವರೇ ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದರು. ಐದು ತಿಂಗಳು ಹೀಗೆ ಸಾಗಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗುತ್ತಿದ್ದೆ.

ಬಕ್ರೀದ್ ಬಂತು. ಹಬ್ಬದ ದಿನ ಎಲ್ಲರ ಮನೆಯಲ್ಲೂ ಮಾಂಸ, ಮೀನಿನವರು ಬರುವುದಿಲ್ಲ. ಹುಟ್ಟಿದಂದಿನಿಂದ ಗೊತ್ತಿರುವ ಈ ವಿಷಯ ಅವತ್ತು ಹೊಳೆಯಲೇ ಇಲ್ಲ. ನನ್ನವರು ನಮಾಜಿಗೆ ಹೋಗಿದ್ದರು. ಅವರ ಅಕ್ಕ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದರು. ನಾನು ಗಡಿಯಾರ ನೋಡಿ ಬಾಗಿಲು ಹಾಕಿದೆ. ಟ್ಯೂಬಿನ ಕ್ಯಾಪ್ ತೆಗೆದದ್ದೇ ತಡ, ಕಪಾಟಿನ ಮೇಲಿಂದ ಕುಟ್ಟಿ ಮಂಚಕ್ಕೆ ಧುಮುಕಿದಳು.

ಬೆಚ್ಚಿಬಿದ್ದೆ. ಬೆರಳು ಟ್ಯೂಬಿನ ತುದಿಗೆ ತಾಗಿತು.

ಫೋನ್ ಮಾಡಬೇಕಿತ್ತು. ಮಾಡಿದರೆ ಈಗಲೇ ಹೊರಟು ಬನ್ನಿ ಎನ್ನುತ್ತಾರೆ. ಮನೆ ತುಂಬ ನೆಂಟರು ಬರುವವರಿದ್ದಾರೆ. ಜೋಡಿಸಿಬಿಟ್ಟೆ.

ಎರಡು ದಿನ ಕಳೆದು, ಹೊರಬಂದ ನೀರು ಗಂಜಿತಿಳಿಯ ಹಾಗೆ ಕದಡಿತ್ತು. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದವಳನ್ನು ಕಾರಿನಲ್ಲಿ ಹಾಕಿಕೊಂಡು ಹೋದರು. ಪೆರಿಟೊನೈಟಿಸ್, ಹೊಟ್ಟೆಯೊಳಗೆ ಸೋಂಕು. ಅಡ್ಮಿಟ್.

"ಇನ್ನೊಮ್ಮೆ ಹೀಗಾದ್ರೆ ಟ್ಯೂಬ್ ತೆಗೀಬೇಕಾದೀತು ಟೀಚರ್. ಮತ್ತೆ ವಾರಕ್ಕೆ ಮೂರು ಸಲ ಇಲ್ಲಿಗೇ ಬರ್ಬೇಕು," ಎಂದರು ಡಾಕ್ಟರು. "ಹೇಗಾಯ್ತು ಇದು?"

"ಬೆಕ್ಕು," ಎಂದೆ.

ಹೇಳಿದ್ದು ಅಷ್ಟೇ. ಉಳಿದದ್ದನ್ನು ಎಲ್ಲರೂ ತಾವೇ ತುಂಬಿಕೊಂಡರು. ನೋಡಲು ಬಂದ ಅಕ್ಕ ತಮ್ಮನಿಗೆ ಅಲ್ಲೇ ತೀರ್ಪು ಕೊಟ್ಟರು: "ಅದನ್ನು ಮೀನು ಮಾರ್ಕೆಟಿಗೆ ಬಿಟ್ಟು ಬಾ. ಹೊಟ್ಟೆ ತುಂಬ ತಿಂದ್ಕೊಂಡು ಇರ್ತದೆ." ನಮ್ಮ ಕಡೆ ಬೇಡವಾದ ಬೆಕ್ಕುಗಳ ಗತಿ ಅದೇ. ಅಲ್ಲಿನ ನಾಯಿಗಳ ನಡುವೆ ಅವು ಎಷ್ಟು ದಿನ ಬದುಕುತ್ತವೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಮೂರನೇ ದಿನ ನನ್ನವರ ಫೋನ್ ಬಂತು. "ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿದ್ದೇನೆ. ಈಗ ಹೊರಟೆ." ಹಿಂದಿನಿಂದ ಕುಟ್ಟಿ ಅರಚುವುದು ಕೇಳುತ್ತಿತ್ತು.

ಕ್ಲಾಸಿನಲ್ಲಿ ಒಬ್ಬರ ಮೇಲೊಬ್ಬರು ದೂರು ಹೇಳುವ ಮಕ್ಕಳನ್ನು ನಿಲ್ಲಿಸಿ, ನಿಜ ಹೇಳಿ ಎಂದು ಗದರಿಸುವವಳು ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಪೆಟ್ಟಿಗೆ ಬಿಚ್ಚಿ," ಎಂದೆ. "ಅವಳು ಟ್ಯೂಬ್ ಮುಟ್ಟಲೇ ಇಲ್ಲ. ಮುಟ್ಟಿದ್ದು ನನ್ನ ಬೆರಳು. ಗೊತ್ತಿದ್ದೂ, ನೆಂಟರು ಬರ್ತಾರೆಂದು ಜೋಡಿಸಿದೆ."

ಅವರು ಸಿಡಿದರು. "ಎಂತ ಮಾರಾಯ್ತಿ ನೀನು! ನಿನ್ನ ಜೀವಕ್ಕಿಂತ ಬಿರಿಯಾನಿ ದೊಡ್ಡದಾ?"

ಮದುವೆಯಾದ ಮೇಲೆ ಅವರು ನನಗೆ ಬೈದದ್ದು ಅದೇ ಮೊದಲು. ಅತ್ತುಬಿಟ್ಟೆ. ಅತ್ತ ಮೇಲೆ ಎದೆ ಹಗುರಾಯಿತು.

ಸಂಜೆ ಸಿಸ್ಟರಿಗೂ ಹೇಳಿದೆ. ಅವರು ಬೈಯಲಿಲ್ಲ. "ಅವತ್ತೇ ಫೋನ್ ಮಾಡಿದ್ರೆ ಒಂದು ಆಂಟಿಬಯೋಟಿಕಿನಲ್ಲಿ ಮುಗೀತಿತ್ತೇನೋ," ಎಂದು ಡ್ರಿಪ್ ಸರಿಮಾಡಿ ಹೋದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಮನೆಗೆ ಬಂದ ಮೇಲೆ ಕುಟ್ಟಿಗೆ ನಿಜವಾದ ಪಾಠ ಶುರುವಾಯಿತು. ಬಾಗಿಲ ಹೊರಗೊಂದು ಚಾಪೆ. ಅರ್ಧ ನಿಮಿಷ ಅರಚದೆ ಕೂತರೆ ಬಾಗಿಲು ತೆರೆದು ಒಣಮೀನಿನ ಚೂರು. ಅರಚಿದರೆ ಏನೂ ಇಲ್ಲ. ಆಮೇಲೆ ಒಂದು ನಿಮಿಷ, ಐದು, ಹತ್ತು. ನನ್ನವರು ನಡುವೆ ಕದ್ದು ಚೂರು ಕೊಟ್ಟು ಎರಡು ವಾರದ ಕೆಲಸ ಕೆಡಿಸಿದರು. ಅವರಿಗೂ ಕಲಿಸಬೇಕಾಯಿತು. ಕುಟ್ಟಿಯೇ ಬೇಗ ಕಲಿತಳು. ಈಗ ಅರ್ಧ ಗಂಟೆ ಸುಮ್ಮನೆ ಕೂರುತ್ತಾಳೆ. ಆದರೂ ಕ್ಯಾಪ್ ತೆಗೆಯುವ ಮೊದಲು ನಾನು ಕಪಾಟಿನ ಮೇಲೆ, ಮಂಚದ ಕೆಳಗೆ ನೋಡುತ್ತೇನೆ.

ಇವತ್ತೂ ನೀರು ತಿಳಿಯಾಗಿ ಬಂತು. ಅಲ್ಹಮ್ದುಲಿಲ್ಲಾಹ್. ನಾಳೆಯ ಬಗ್ಗೆ ಮಾತು ಕೊಡುವ ಧೈರ್ಯ ನನಗಿಲ್ಲ. ಇನ್ನೊಮ್ಮೆ ಕೈ ತಪ್ಪಬಹುದು. ತಪ್ಪಿದರೆ ಆ ಕ್ಷಣವೇ ಫೋನ್ ಮಾಡುತ್ತೇನೆ, ಹೇಗಾಯಿತು ಎಂದು ಕೇಳಿದರೆ ನನ್ನ ಹೆಸರನ್ನೇ ಹೇಳುತ್ತೇನೆ.