ಮಾವನ ಮಗನೂ ಮನಸ್ಸಿನ ಶಾಸ್ತ್ರವೂ

ಬೇಡ ಎನ್ನುವುದಕ್ಕೂ ನನಗೆ ಪೀಠಿಕೆ ಬೇಕು, ಸಾಧ್ಯವಾದರೆ ಅಡಿಟಿಪ್ಪಣಿಯೂ. ಈ ಸಲ ಬೇಡ ಎನ್ನಬೇಕಾಗಿದ್ದು ಮೂಡಲಗಿಯ ಸೋದರಮಾವನ ಮಗ ಬಸುವನ್ನು. ನಮ್ಮ ಕಡೆ ಮಾವನಿಗೆ ಮಗನಿದ್ದರೆ ಹುಡುಗಿಗೆ ವರ ಹುಡುಕುವ ತಾಪತ್ರಯವಿಲ್ಲ. ಅವ್ವನ ಅವ್ವ, ನನ್ನ ಆಯಿ, ನನ್ನ ಒಪ್ಪಿಗೆ ಒಯ್ಯಲೆಂದೇ ಗೋಕಾಕದ ನಮ್ಮ ಮನೆಗೆ ಬಂದು ಕೂತಿದ್ದಳು. ಸಂಜೆಯ ಬಸ್ಸಿಗೆ ಹಿಂದಿರುಗುವವಳು.

ನಾನು ಎಂ.ಎ.ಯಲ್ಲಿ ಮನಃಶಾಸ್ತ್ರ ಓದಿದವಳು. ಅದರಲ್ಲಿ ವಿಕಾಸವಾದಿ ಮನಃಶಾಸ್ತ್ರ ಎಂಬ ಕವಲೊಂದಿದೆ. ದೇಹದಂತೆ ಮನಸ್ಸೂ ಸಾವಿರಾರು ತಲೆಮಾರುಗಳ ಬದುಕಿನಲ್ಲಿ ರೂಪುಗೊಂಡಿತು ಎಂಬುದು ಅದರ ತಿರುಳು. ಬೀಜ ಬಿತ್ತಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಹತ್ತಿ ಲೋಕ ಸುತ್ತಿ ಬಂದ ಇಂಗ್ಲೆಂಡಿನ ಗಡ್ಡದಜ್ಜ. ಅದು ಮೊಳೆತು ತನ್ನದೇ ಹೆಸರು ಪಡೆಯುವ ಹೊತ್ತಿಗೆ ಮುಂದಿನ ಶತಮಾನದ ಕೊನೆ ಬಂದಿತ್ತು. ನಡುವೆ ಒಬ್ಬ ವಿದ್ವಾಂಸರು, ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರಲ್ಲಿ ಮೋಹ ಹುಟ್ಟುವುದಿಲ್ಲ ಎಂದರು. ಒಡಹುಟ್ಟಿದವರು ಕೂಡದಿರಲೆಂದು ಪ್ರಕೃತಿ ಮಾಡಿದ ಏರ್ಪಾಡಂತೆ. ಓದಿದ ದಿನವೇ ನನಗೆ ಬಸು ನೆನಪಾಗಿದ್ದ. ನಾಲ್ಕನೇ ಇಯತ್ತೆ ಓದಿ ಮುಗಿಸುವವರೆಗೆ ನಾನು ಅವರ ಮನೆಯಲ್ಲೇ ಇದ್ದೆ. ಇಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದೇವೆ. ಅವನು ಮೂಗು ಒರೆಸುತ್ತಿದ್ದದ್ದು ಬಹುಪಾಲು ನನ್ನ ಲಂಗಕ್ಕೆ.

ಶೇಂಗಾ ಸುಲಿಯುತ್ತಿದ್ದ ಆಯಿಗೆ ಇದನ್ನೆಲ್ಲ ಆದಿಮಾನವನಿಂದ ಹಿಡಿದು ವಿವರಿಸಿದೆ.

“ನಾನೂ ನಿಮ್ಮ ಮುತ್ಯಾನೂ ಒಂದ ಅಂಗಳದಾಗ ಆಡಿ ಬೆಳದವರು,” ಎಂದಳು ಆಯಿ. “ಐದು ಹಡದೇನಿ.”

ಶಾಸ್ತ್ರ ತುಸು ಅಲುಗಾಡಿತು. ಮೋಹ ಬೇರೆ, ಮಕ್ಕಳು ಬೇರೆ ಎಂದು ವಾದಿಸುವ ಧೈರ್ಯ ನನಗಿರಲಿಲ್ಲ. “ಮುತ್ಯಾ ನಿನಗ ಮನಸಿಗೆ ಬಂದಿದ್ನೇನು?” ಎಂದಷ್ಟೇ ಕೇಳಿದೆ.

“ಯಾರ ಕೇಳಿದ್ರು ಅದನ್ನ?” ಆಯಿಯ ಕೈ ನಿಂತಿತು. “ನಿನ್ನ ಕೇಳಬೇಕಂತ ನಾ ಬಸ್ಸು ಹತ್ತಿ ಬಂದೇನಿ. ನೀ ನೋಡಿದ್ರ ಗವಿಯಾಗಿನ ಮಂದೀನ ಸಾಕ್ಷಿಗೆ ಕರಿತಿ. ಅವರನ್ನ ಬಿಡು ತಂಗಿ. ನೀ ಏನಂತಿ?”

“ಒಲ್ಲೆ.”

“ಇಷ್ಟ ಹೇಳಾಕ ಅಷ್ಟು ಓದಬೇಕಾತೇನು?” ಎನ್ನುತ್ತ ಮತ್ತೆ ಸುಲಿಯತೊಡಗಿದಳು. ಮೂಡಲಗಿಯಲ್ಲಿ ಏನು ಹೇಳಬೇಕೋ ತಾನೇ ಹೇಳುತ್ತೇನೆಂದಳು.

ಆಯಿಯ ಮೇಲೆ ಎಲ್ಲ ಹೊರೆ ಹಾಕುವುದು ಸರಿಯೆನಿಸದೆ ಬಸುವಿಗೆ ನಾನೇ ಫೋನ್ ಮಾಡಿದೆ. ಪೀಠಿಕೆ ಅರ್ಧಕ್ಕೂ ಬಂದಿರಲಿಲ್ಲ, ಅವನೆಂದ: “ಪಾಡಾತು ಬಿಡು, ನೀನ ಹೇಳಿದಿ. ಒಲ್ಲೆ ಅಂತ ಹ್ಯಾಂಗ ಹೇಳೂದಂತ ನಾನೂ ಕುಂತಿದ್ದೆ.”

ಸಿದ್ಧಾಂತ ಗೆದ್ದಿತ್ತು, ನಾನು ಸಂತೋಷಪಡಬೇಕಿತ್ತು. ಆದರೆ ಅವನು ಅಷ್ಟು ಬೇಗ ಒಪ್ಪಿದ್ದು ಯಾಕೋ ಸಣ್ಣಗೆ ಚುಚ್ಚಿತು. ಇದಕ್ಕೂ ಶಾಸ್ತ್ರದಲ್ಲಿ ವಿವರಣೆ ಇದ್ದೀತು. ಸದ್ಯಕ್ಕೆ ಆ ಪುಸ್ತಕ ತೆರೆಯುವ ಮನಸ್ಸಿಲ್ಲ.