ಹಳದಿಯಿತ್ತು ಎಂದ ಚೌಕ

ಅಥವಾ ಶೀಟಿನ ಆ ಚೌಕ ಕೆಂಪಾಗಿಯೇ ಇತ್ತೇನೋ. ಹಳದಿಯಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ; ಹೇಳಿ ಹೇಳಿಯೇ ಅದು ಹಳದಿಯಾಗಿರಲೂಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ನಾವೊಂದಿಷ್ಟು ಶಿಕ್ಷಕರು ತರಬೇತಿಗಳಲ್ಲಿ ಪರಿಚಯವಾದವರು. ತರಬೇತಿ, ಮೌಲ್ಯಮಾಪನ, ವರ್ಗಾವಣೆ, ಎಲ್ಲದರ ಕೊನೆಯ ದಿನಾಂಕಗಳನ್ನು ಸಿಂದಗಿಯ ಹಿರಿಯ ಮಾಸ್ತರರೊಬ್ಬರು ಒಂದು ಸ್ಪ್ರೆಡ್‌ಶೀಟಿನಲ್ಲಿ ತುಂಬುತ್ತಿದ್ದರು. ನಾವು ಫೋನಿನಲ್ಲಿ ನೋಡಬಹುದಿತ್ತು, ತಿದ್ದುವಂತಿರಲಿಲ್ಲ. ನಿಜವಾದ ದಿನಾಂಕಕ್ಕಿಂತ ಎರಡು ದಿನ ಮೊದಲಿನದನ್ನು ಬರೆಯುವುದು ಅವರ ಪದ್ಧತಿ.

“ನಮ್ಮ ಮಂದಿ ಬಸ್ ಹೋದ ಮ್ಯಾಲೆ ಕೈ ಮಾಡೋರು,” ಎಂದು ಬಾಗೇವಾಡಿಯ ಚಹಾದಂಗಡಿಯಲ್ಲಿ ನಕ್ಕಿದ್ದರು.

ಅದು ಎಲ್ಲರಿಗೂ ಗೊತ್ತಿದ್ದರಿಂದ ಎಲ್ಲರೂ ಎರಡು ದಿನ ಕೂಡಿಸಿಕೊಂಡೇ ಓದುತ್ತಿದ್ದೆವು. ಸುಳ್ಳು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಆ ವರ್ಷ ನನಗೆ ಮುದ್ದೇಬಿಹಾಳದಿಂದ ತಾಂಬಾದ ಕಡೆಗೆ ವರ್ಗಾವಣೆ ಬೇಕಿತ್ತು. ಹೆಂಡತಿಯ ನೌಕರಿ ಅಲ್ಲಿ. ಮಗಳ ಪಾಲಿಗೆ ನಾನು ಭಾನುವಾರದ ನೆಂಟ. ಶೀಟಿನ ದಿನಾಂಕ ಬಂತು, ಹೋಯಿತು. ಮರುದಿನ ನಿಶ್ಚಿಂತೆಯಿಂದ ಅರ್ಜಿ ತುಂಬಲು ಕೂತರೆ ಅವಧಿ ಮುಗಿದಿತ್ತು. ಈ ಸಲ ಅವರು ನಿಜವಾದ ದಿನಾಂಕವನ್ನೇ ಬರೆದಿದ್ದರು.

ಫೋನ್ ಮಾಡಿದೆ.

“ಬರದಿದ್ನೆಲ್ರಿ ಸರ್ರ. ಓದಾಕ ಬರತೈತಿಲ್ಲ ನಿಮಗ?”

“ಯಾವಾಗಲೂ ಎರಡು ದಿನ ಮೊದಲ ಹಾಕ್ತಿದ್ರೆಲ್ರಿ?”

“ಖರೇ ಬರದ್ರೂ ತಪ್ಪೇನು? ಅದಕ್ಕಂತನ ಕೆಂಪು ಹಚ್ಚಿದ್ದೆ. ಹಳದಿ ಇದ್ರ ಎರಡು ದಿನ ಕೂಡಸ್ಬೇಕು, ಕೆಂಪಿದ್ರ ಅದ ಕಡೀ ದಿನ. ಅಷ್ಟೂ ತಿಳೀಲಿಲ್ಲ?”

ಇಂಥ ನಿಯಮವನ್ನು ನಾನು ಕೇಳಿಯೇ ಇರಲಿಲ್ಲ. ಫೋನಿಟ್ಟು ಶೀಟು ತೆರೆದೆ. ಚೌಕ ಕೆಂಪಾಗಿತ್ತು. ಆದರೆ ಮಾತಾಡುತ್ತಲೇ ಒಂದು ಚೌಕಕ್ಕೆ ಬಣ್ಣ ಹಚ್ಚಲು ಎಷ್ಟು ಹೊತ್ತು ಬೇಕು? ಮುಂದೆ ತಾಂಬಾದ ಹತ್ತಿರದ ಆ ಖಾಲಿ ಜಾಗ ಅವರ ತಂಗಿಯ ಗಂಡನಿಗೆ ಸಿಕ್ಕಿತು. ಸಂಶಯಕ್ಕೆ ಇಷ್ಟು ಸಾಕಿತ್ತು. ಇಷ್ಟಕ್ಕೇ ಸಂಶಯ ಹುಟ್ಟಿತಲ್ಲ ಎಂದು ನನ್ನ ಮೇಲೂ ನನಗೆ ಸಂಶಯ.

“ನೀವು ಮೊದಲ ನೋಡಿದಾಗ ಯಾವ ಬಣ್ಣ ಇತ್ರಿ?” ಒಂದು ಭಾನುವಾರ ಹೆಂಡತಿ ಕೇಳಿದಳು.

“ಹಳದಿ,” ತಟ್ಟನೆ ಅಂದೆ.

“ಬಾಳ ಲಗೂನ ಹೇಳಿದ್ರಿ.”

ಮಗಳು ಆಗಲೇ ನನ್ನ ಚೀಲವನ್ನು ಬಾಗಿಲ ಬಳಿ ತಂದಿಟ್ಟಿದ್ದಳು; ಸೋಮವಾರದ ಬಸ್ಸಿಗೆ. ನಾನು ಈಗಲೂ ಅದೇ ಬಸ್ಸಿನಲ್ಲಿ ಹೋಗುತ್ತೇನೆ, ಅದೇ ಶೀಟು ನೋಡುತ್ತೇನೆ. ಆ ದಿನಾಂಕವನ್ನು ಮೊದಲ ಸಲ ನೋಡಿದಾಗ ನಾನು ಬಣ್ಣವನ್ನು ನೋಡಿದ್ದೆನೋ ಇಲ್ಲವೋ, ಗೊತ್ತಿಲ್ಲ.